ನಡುಮನೆಯಲ್ಲಿ ಹುಟ್ಟಿದ ಹಾಯಿದೋಣಿ

ಹಿಂದೆ, ಕಡಲು ಮನೆಗಳಿಗೆ ಈಗಿನದಕ್ಕಿಂತ ಒಂದು ಕೂಗಳತೆ ಹತ್ತಿರವಿದ್ದ ಕಾಲದಲ್ಲಿ, ತೆರೆಗೋಡು ಅಂತ ಒಂದು ರಾಜ್ಯವಿತ್ತು. ಅಲ್ಲೊಬ್ಬ ರಾಜನೂ ಇದ್ದ. ಅವನಿಂದ ಈ ಕತೆಗೆ ಕಾಸಿನ ಉಪಯೋಗವಿಲ್ಲ, ಅರಮನೆಯಲ್ಲೇ ಬಿಟ್ಟುಬಿಡೋಣ. ನಮಗೆ ಬೇಕಾದದ್ದು ಬಡಗಿ ಬೀರನ ಮನೆ. ಅಲ್ಲಿ ಬೀರ, ಅವನ ತಾಯಿ ಮಂಕಾಳಿ, ತಂಗಿ ಹೊನ್ನಿ, ಮೂವರೇ.

ಕಡಲ ನಡುವೆ ಒಂದು ದ್ವೀಪ. ದ್ವೀಪದಲ್ಲಿ ಸುಂಟರಾಯ ಎಂಬ ಮಾಟಗಾರ. ಅವನ ಉಸಿರೇ ಬಿರುಗಾಳಿ. ದಡದಲ್ಲಿ ಸಿಕ್ಕವರನ್ನು ಗಾಳಿಯಲ್ಲಿ ಎತ್ತಿಕೊಂಡು ಹೋಗಿ ಕಡಲಕಾಗೆ ಮಾಡಿಬಿಡುತ್ತಿದ್ದ. ಒಂದು ದಿನ, ಮೀನು ಒಣಗಿಸುತ್ತಿದ್ದ ಹೊನ್ನಿಯನ್ನೂ ಎತ್ತಿದ. ಮಂಕಾಳಿ ಎದ್ದುಬಿದ್ದು ಓಡಿ ಬರುವಷ್ಟರಲ್ಲಿ ಮೋಡದ ಎತ್ತರದಿಂದ ಕೂಗಿದ:

"ಏ ಮುದುಕೀ! ನಿನ್ನ ಮನೆಯಲ್ಲಿ ದೀಪ ಉರಿಯುವ ತನಕ ಇವಳು ಹುಡುಗಿಯಾಗಿಯೇ ಇರುತ್ತಾಳೆ. ದೀಪ ಆರಿತೋ, ಕಡಲಕಾಗೆ!"

ಇದನ್ನು ಹೇಳಿ ಹೋಗುವ ದರ್ದು ಅವನಿಗೇನಿತ್ತು ಅಂತ ಕೇಳಬೇಡಿ. ಶರತ್ತು ಹೇಳದಿದ್ದರೆ ಮಾಟಗಾರರಿಗೆ ಉಂಡದ್ದು ಅರಗುವುದಿಲ್ಲ.

ಊರಲ್ಲಿ ಎಷ್ಟೋ ಮನೆಗಳ ದೀಪ ಹೀಗೇ ಕಾದು ಕಾದು ಆರಿಹೋಗಿತ್ತು. ಮಂಕಾಳಿ ಮಾತ್ರ ನಡುಮನೆಯ ಕಂಬದ ಬುಡದಲ್ಲಿ ದೀಪ ಹಚ್ಚಿ ಕೂತಳು. ಕೂತವಳು ಎಣ್ಣೆ ತರುವುದಕ್ಕೆ ಬಿಟ್ಟರೆ ಅಲ್ಲಿಂದ ಏಳಲಿಲ್ಲ.

"ಅವ್ವಾ, ನಾನು ದೋಣಿ ಕಟ್ಟಿ ಹೋಗಿ ಕರಕೊಂಡು ಬರ್ತೇನೆ" ಅಂದ ಬೀರ.

"ಎಲ್ಲಿ ಕಟ್ತೀಯೋ? ದಡದಲ್ಲಿ ಹಲಗೆ ಇಟ್ಟರೆ ಸಾಕು, ಅವನು ಊದಿ ಪುಡಿ ಮಾಡ್ತಾನೆ."

"ಇಲ್ಲೇ, ಮನೆಯೊಳಗೇ ಕಟ್ತೇನೆ."

"ಹಾಗಾದರೆ ಮೊಳೆ ಹೊಡೀಬೇಡ. ಅವನ ಗಾಳಿಗೆ ಮೊಳೆ ಸಡಿಲಾಗಿ ದೋಣಿ ಸೀಳಿಹೋಗ್ತದೆ. ನಿನ್ನಜ್ಜನ ಹಾಗೆ ಹಲಗೆಗೆ ಹಲಗೆ ಹೊಲಿ. ಹೊಲಿದ ದೋಣಿ ಬಾಗ್ತದೆ, ಒಡೆಯೋದಿಲ್ಲ."

ಬೀರ ಮರ ತರಲು ಕಾಡಿಗೆ ಹೋದ. ಹೆಬ್ಬಲಸಿನ ಮರದ ಕೆಳಗೆ ಕೆಂಪು ಕಣ್ಣಿನ ಹುಲಿ ಕೂತಿತ್ತು.

"ಮರ ನನ್ನದು" ಅಂದಿತು ಹುಲಿ. "ಮಾಟ ಬಡಿದು ನನಗೆ ನಿದ್ದೆಯೇ ಇಲ್ಲ. ಹಾಡಿ ಮಲಗಿಸಿದರೆ ಮರ ಕಡಿದುಕೋ. ನಿದ್ದೆ ಬರಲಿಲ್ಲವೋ, ನಿನ್ನನ್ನೇ ತಿನ್ನುತ್ತೇನೆ."

ತಾಯಿ ಹೊನ್ನಿಗೆ ಹಾಡುತ್ತಿದ್ದ ಜೋಗುಳವನ್ನು ಬೀರ ಶುರುಮಾಡಿದ. ಅವನ ಗಂಟಲಿಗಿಂತ ಗರಗಸವೇ ವಾಸಿ. ಹುಲಿ ಎರಡೂ ಪಂಜದಿಂದ ಕಿವಿ ಮುಚ್ಚಿಕೊಂಡಿತು.

"ಸಾಕು ಮಾರಾಯ, ಸಾಕು! ಮರ ಒಯ್ಯಿ, ಬಾಯಿ ಮುಚ್ಚು!"

ಬೀರ ಬಾಯಿ ಮುಚ್ಚಿದ. ಆ ಸುಖಕ್ಕೇ ಹುಲಿಗೆ ನಿದ್ದೆ ಹತ್ತಿತು.

ಆಮೇಲೆ ನಾರು ತರಲು ಹಿನ್ನೀರಿಗೆ ಹೋದ. ತೆಂಗಿನ ಸಿಪ್ಪೆ ನೆನೆಹಾಕಿದ ಜಾಗದಲ್ಲಿ ದೋಣಿಯಷ್ಟೇ ಉದ್ದದ ಮೊಸಳೆ ಮಲಗಿತ್ತು.

"ಸಿಪ್ಪೆ ನನ್ನದು" ಅಂದಿತು ಮೊಸಳೆ. "ಮಾಟ ಬಡಿದು ನನಗೆ ಬೆನ್ನೆಲ್ಲ ತುರಿಕೆ. ಕೈ ಎಟುಕುವುದಿಲ್ಲ. ತುರಿಕೆ ಹೋಗಲಾಡಿಸಿದರೆ ಸಿಪ್ಪೆ ತಗೋ. ಹೋಗಲಿಲ್ಲವೋ, ನಿನ್ನನ್ನೇ ನುಂಗುತ್ತೇನೆ."

ಬೀರ ಸಿಪ್ಪೆಯಿಂದಲೇ ಅದರ ಬೆನ್ನು ಉಜ್ಜಿದ. ಪಾಚಿ ಹೋಯಿತು, ಕೊಳೆ ಹೋಯಿತು, ತುರಿಕೆ ಹೋಯಿತು. ಮೊಸಳೆ ಕಣ್ಣೀರು ಸುರಿಸಿತು, ಅದೂ ನಿಜವಾದ ಕಣ್ಣೀರು.

ಬೀರ ನಡುಮನೆಯಲ್ಲಿ ಹಲಗೆ ಜೋಡಿಸಿದ. ಬೈರಿಗೆಯಿಂದ ಅಂಚಿಗೆ ತೂತು ಕೊರೆದ, ನಾರಿನ ಹಗ್ಗದಿಂದ ಬಿಗಿಯಾಗಿ ಹೊಲಿದ, ಸಂದಿಗೆಲ್ಲ ರಾಳ, ಮೀನೆಣ್ಣೆ ಮೆತ್ತಿದ. ಮನೆಯೆಲ್ಲ ಗಬ್ಬು ನಾರಿತು. ಮಂಕಾಳಿ ದೀಪದ ಪಕ್ಕದಲ್ಲೇ ಕೂತು ಹಳೇ ಸೀರೆಗಳನ್ನು ಕೂಡಿಸಿ ಹಾಯಿ ಹೊಲಿದಳು. ದೋಣಿ ಎಷ್ಟು ಚೆನ್ನಾಗಿ ಬಂತೆಂದರೆ ಬೀರ ಅದನ್ನು ಸುತ್ತಿ ಸುತ್ತಿ ನೋಡಿದ.

"ಮಗಾ," ಅಂದಳು ಮಂಕಾಳಿ, "ಇದನ್ನು ಹೊರಗೆ ಹೇಗೆ ತೆಗೀತೀಯ?"

ಬೀರ ಬಾಗಿಲು ನೋಡಿದ. ದೋಣಿ ನೋಡಿದ. ಮತ್ತೆ ಬಾಗಿಲು ನೋಡಿದ. ಅಯ್ಯೋ ಶಿವನೇ ಅಂತ ಕುಕ್ಕರಿಸಿದ. ಹುಲಿಯನ್ನು ಗೆದ್ದವನು, ಮೊಸಳೆಯನ್ನು ಗೆದ್ದವನು, ತನ್ನ ಮನೆಯ ಬಾಗಿಲಿಗೆ ಸೋತ. ಹಾಯಿ ಕಟ್ಟುವ ಕಂಬಕ್ಕೆ ಮರವನ್ನೂ ಉಳಿಸಿಕೊಂಡಿರಲಿಲ್ಲ.

"ಗೋಡೆ ಒಡಿ" ಅಂದಳು ಮಂಕಾಳಿ. "ಈ ನಡುಗಂಬ ಕಿತ್ತು ದೋಣಿಗೆ ನೆಡು."

"ಮನೆ ಕುಸೀತದಲ್ಲವ್ವ! ಮನೆಯೇ ಇಲ್ಲದ ಮೇಲೆ ದೀಪ ಎಲ್ಲಿ ಉರಿಯೋದು? ಹೊನ್ನಿ ಗತಿ?"

"ನಮ್ಮಲ್ಲಿ ಮನೆ ಕಟ್ಟುವಾಗ ಮೊದಲು ಏನು ನೆಡ್ತಾರೆ? ನಡುಗಂಬ. ಅದಕ್ಕೆ ಪೂಜೆ ಆದ ಗಳಿಗೆಯಿಂದ ಅದು ಮನೆ. ಗೋಡೆ, ಮಾಡು ಎಲ್ಲ ಆಮೇಲೆ ಬರೋದು. ಕಂಬ ಎಲ್ಲಿಗೆ ಹೋಗ್ತದೋ ಮನೆ ಅಲ್ಲಿಗೆ. ನಾನೂ ದೀಪ ಹಿಡಕೊಂಡು ಅಲ್ಲಿಗೇ."

ಬೀರ ಗೋಡೆ ಕೆಡವಿ ದೋಣಿ ಹೊರಗೆಳೆದ, ಕಂಬ ಕಿತ್ತು ಅದಕ್ಕೆ ನೆಟ್ಟ. ಮಾಡು ದಬಾರನೆ ಕೂತಿತು. ಮಂಕಾಳಿ ದೀಪಕ್ಕೆ ಎರಡೂ ಕೈ ಮರೆಮಾಡಿ ಕಂಬಕ್ಕೆ ಒರಗಿ ದೋಣಿಯಲ್ಲಿ ಕೂತಳು. ದೀಪ ಉರಿಯುತ್ತಲೇ ಇತ್ತು.

ಸುಂಟರಾಯ ಮಧ್ಯಾಹ್ನ ಉಂಡು ಗೊರಕೆ ಹೊಡೆಯುವ ಹೊತ್ತು ನೋಡಿ ಹೊರಟರು. ಅವನು ಉಸಿರು ಎಳೆದಾಗ ಬೀರ ಹಾಯಿ ಬಿಚ್ಚಿದ, ಉಸಿರು ಬಿಟ್ಟಾಗ ಹಾಯಿ ಸುತ್ತಿದ. ಬಿಚ್ಚಿದ, ಸುತ್ತಿದ, ಬಿಚ್ಚಿದ, ಸುತ್ತಿದ. ಮಾಟಗಾರನ ಗೊರಕೆಯೇ ಅವರನ್ನು ದ್ವೀಪಕ್ಕೆ ಮುಟ್ಟಿಸಿತು.

ದಡದಲ್ಲಿ ಲೆಕ್ಕವಿಲ್ಲದಷ್ಟು ಕಡಲಕಾಗೆಗಳು. ನಡುವೆ ಒಬ್ಬಳೇ ಹುಡುಗಿ, ಹೊನ್ನಿ.

"ಅವ್ವಾ!" ಅಂತ ಕಿರುಚಿ ದೋಣಿಗೆ ಹಾರಿದಳು. ತಾಯಿ ಅವಳನ್ನು ತಬ್ಬಲಿಲ್ಲ. ಹೇಗೆ ತಬ್ಬಿಯಾಳು? ಎರಡೂ ಕೈ ದೀಪದ ಸುತ್ತ ಇದ್ದವು. ಮಗಳ ಮುಖ ನೋಡಿದಳು, ಅಷ್ಟೇ.

ಆ ಕಿರುಚಾಟಕ್ಕೆ ಸುಂಟರಾಯನಿಗೆ ಎಚ್ಚರವಾಯಿತು. ದೋಣಿ ಆಗಲೇ ಊರಿನ ಕಡೆ ತಿರುಗಿತ್ತು.

"ದೀಪ ಆರಿಸಿಬಿಡ್ತೇನೆ!" ಅಂತ ಬುಸುಗುಟ್ಟಿ ಊದಿದ. ಹಾಯಿ ತುಂಬಿತು, ದೋಣಿ ಓಡಿತು. ಇನ್ನೂ ಜೋರಾಗಿ ಊದಿದ. ದೋಣಿ ಬಾಗಿತು, ಹೊಲಿಗೆ ಕಿರ್ರೆಂದಿತು, ಬಿಚ್ಚಲಿಲ್ಲ, ಇನ್ನೂ ಜೋರಾಗಿ ಓಡಿತು. ಮಂಕಾಳಿಯ ಅಂಗೈ ಸುಟ್ಟು ಬೊಬ್ಬೆ ಬಂತು. ಅವಳು ಕೈ ತೆಗೆಯಲಿಲ್ಲ.

ಊದುವವನು ನಡುವೆ ಒಮ್ಮೆ ಉಸಿರು ಎಳೆದುಕೊಳ್ಳಬೇಕು. ಸಿಟ್ಟು ನೆತ್ತಿಗೇರಿದ ಸುಂಟರಾಯನಿಗೆ ಅಷ್ಟೂ ಹೊಳೆಯಲಿಲ್ಲ. ಊದಿದ, ಊದಿದ, ಒಳಗಿನ ಕೊನೇ ಉಸಿರನ್ನೂ ಊದಿಬಿಟ್ಟ. ಖಾಲಿ ಚೀಲದ ಹಾಗೆ ಬಂಡೆಯ ಮೇಲೆ ಬಿದ್ದ. ಅಲ್ಲಿಗೆ ಮಾಟ ಮುಗಿಯಿತು. ಕಡಲಕಾಗೆಗಳೆಲ್ಲ ಗಂಡಸರು, ಹೆಂಗಸರು, ಮಕ್ಕಳಾಗಿ ದಡದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಬೀರ ಮರುದಿನದಿಂದ ಸಾಗಿಸಿ ಸಾಗಿಸಿ ಎಲ್ಲರನ್ನೂ ಊರು ಮುಟ್ಟಿಸಿದ. ಅವರೆಲ್ಲ ಸುಖವಾಗಿದ್ದರು, ಅವರ ಮನೆಗಳಲ್ಲಿ ಮತ್ತೆ ದೀಪ ಹತ್ತಿತು. ಆದರೆ ಅದು ಆಮೇಲಿನ ಮಾತು.

ಗಾಳಿ ನಿಂತ ಆ ಗಳಿಗೆಯಲ್ಲಿ ಕಡಲು ತಣ್ಣಗಿತ್ತು. ಮಂಕಾಳಿ ಇನ್ನೂ ದೀಪ ಹಿಡಿದೇ ಕೂತಿದ್ದಳು. ಬಿಡುವುದು ಹೇಗೆಂದೇ ಅವಳಿಗೆ ಮರೆತುಹೋಗಿತ್ತು.

"ಅವ್ವಾ, ಇನ್ನು ಸಾಕು. ಕೆಳಗಿಡು" ಅಂದಳು ಹೊನ್ನಿ.

ಮಂಕಾಳಿ ದೀಪ ಕೆಳಗಿಟ್ಟಳು. ಬೊಬ್ಬೆ ಬಂದ ಎರಡೂ ಕೈ ಚಾಚಿ ಮಗಳನ್ನು ಎಳೆದುಕೊಂಡು, ಬೆನ್ನಿಗೆ ಗುದ್ದಿ ಗುದ್ದಿ, ಗಟ್ಟಿಯಾಗಿ ಅತ್ತಳು.