ಮುಖ ನೋಡಿ ಹೇಳಬೇಕಿದ್ದ ನಿಯಮ

ಶೈಲಶ್ರೀ ಸೋದರತ್ತೆಯ ಮನೆಯ ಹಿತ್ತಲ ನಲ್ಲಿಯ ಕೆಳಗೆ ಕೂತು ಓಟದ ಬೂಟು ತಿಕ್ಕುತ್ತಿದ್ದಳು. ತನ್ನೂರು ಬಂಡ್ರಿಗೆ ಹೋಗಿ ಬಂದಾಗಲೆಲ್ಲ ಸಂಡೂರಿನ ಕೆಂಪು ಧೂಳು ಬೂಟಿನ ಹೊಲಿಗೆ ಹೊಲಿಗೆಗೂ ಇಳಿದಿರುತ್ತಿತ್ತು. ಅವಳು ತಿಕ್ಕುವ ರಭಸ ನೋಡಿ, ಕಟ್ಟೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ಸಂಗಮ್ಮ, ಅದು ಯಾರ ಮುಖ ಅಂತ ತಿಳಿದು ತಿಕ್ಕಾಕತ್ತೀ ಎಂದು ಕೇಳಿದಳು.

"ಕಿರಣ್ ಕುಮಾರಂದು," ಎಂದಳು ಶೈಲಶ್ರೀ.

ಸಂಗಮ್ಮ ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡಳು. ಕಮಲಾಪುರದ ಆ ಓಣಿಗೆಲ್ಲ ಆ ಕಥೆ ಗೊತ್ತಿತ್ತು.

ಕಿರಣ್ ಕುಮಾರ್ ಕಂಪ್ಲಿ ಕಡೆಯವನು. ಕಮಲಾಪುರದ ಕಾಲುವೆಯ ತೂಬಿನ ಬಳಿ ನೀರು ಬಿಡುವ, ಕಟ್ಟುವ ಕೆಲಸ. ಓಟಗಾರರ ಬಳಗದಲ್ಲಿ ಎಲ್ಲರಿಗಿಂತ ಮುಂದೆ ಓಡುವವನು. ಹೋದ ವರ್ಷ ಬಳಗದವರು ಹೊಸಪೇಟೆಯಿಂದ ಹಂಪಿಗೆ ನಡೆಸಿದ ಓಟದಲ್ಲಿ ಶೈಲಶ್ರೀ ಹೆಣ್ಣುಮಕ್ಕಳಲ್ಲಿ ಮೊದಲು ಬಂದಿದ್ದಳು. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಕಾಲು ಸೋತ ಕಡೆ ಹಾಡು ಎತ್ತಿಕೊಂಡು ಹೋಗುತ್ತದೆ ಎಂಬುದು ಅವಳ ನಂಬಿಕೆ. ಎರಡನೆಯವಳಾಗಿ ಬಂದವಳ ಅಪ್ಪ ತಕರಾರು ಎತ್ತಿದ. ಲಾರಿ ಓಡಾಡುವ ರಸ್ತೆಯಲ್ಲಿ ಹಾಡು ಕೇಳುತ್ತ ಓಡಬಾರದೆಂದು ನಿಯಮವಿದೆ ಎಂದ.

ನಿಯಮ ಇದ್ದದ್ದು ನಿಜ. ಆದರೆ ಬಳಗದ ಹಿರಿಯರಾದ ಭರಮಣ್ಣ ಮೇಷ್ಟ್ರದ್ದು ಒಂದು ಪದ್ಧತಿ. ಅಚ್ಚು ಹಾಕಿಸಿದ್ದನ್ನು ಯಾರೂ ಓದುವುದಿಲ್ಲ, ಹಾಗಾಗಿ ಎದೆಗೆ ಹಚ್ಚುವ ನಂಬರು ಕೊಡುವಾಗ ಒಬ್ಬೊಬ್ಬರ ಮುಖ ನೋಡಿ ನಿಯಮಗಳನ್ನು ಬಾಯಲ್ಲೇ ಹೇಳಬೇಕು, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. ಅಂದು ನಂಬರು ಕೊಡಲು ಕೂತವನು ಕಿರಣ್ ಕುಮಾರ್. ಅವಳಿಗೆ ಅವನು ಒಂದಕ್ಷರ ಹೇಳಲಿಲ್ಲ. ನಂಬರು ಕೊಟ್ಟ, ರಿಜಿಸ್ಟರ್ ತಿರುಗಿಸಿದ, ಅವಳು ಸಹಿ ಹಾಕಿದಳು. ಹಂಪಿಯಲ್ಲಿ ಅಷ್ಟು ಜನರ ಮುಂದೆ, ಈ ಹುಡುಗಿಗೆ ನಿಯಮ ಹೇಳಿದ್ದೆಯೇನಪ್ಪಾ ಎಂದು ಮೇಷ್ಟ್ರು ಕೇಳಿದಾಗ, ಅವನು ನೆಲ ನೋಡುತ್ತ, "ಹೇಳೀನ್ರಿ ಸರ್," ಎಂದುಬಿಟ್ಟ.

ಹೇಳಿಲ್ಲ ಎಂದು ಅವಳು ಕೂಗಿ ಹೇಳಿದಳು. ಕೆಳಗೆ ಅವಳದೇ ಸಹಿ ಇತ್ತು. ಮೊದಲ ಸ್ಥಾನ ಹೋಯಿತು. ಸುಳ್ಳು ಬೇರೆ ಹೇಳಿದಳೆಂದು ಎರಡು ವರ್ಷ ಬಳಗದ ಯಾವ ಓಟಕ್ಕೂ ಬರಬಾರದೆಂದರು. ಊರಿಗೆ ಹೋದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರು, ಹಾಡು ಕೇಳ್ಕೋತ ಮೋಸ ಮಾಡಿದಾಕಿ ಬಂದಳು ನೋಡು ಎನ್ನುತ್ತಿದ್ದರು. ಸ್ಥಾನ ಹೋದದ್ದನ್ನು ಅವಳು ನುಂಗಿಕೊಂಡಾಳು, ಸುಳ್ಳಿ ಎಂಬ ಈ ಹೆಸರನ್ನು ಮಾತ್ರ ನುಂಗಲಾರಳು.

ಓಡಿ ಸೇಡು ತೀರಿಸಿಕೊಳ್ಳುವ ದಾರಿ ಮುಚ್ಚಿತ್ತು. ಹಾಗಾಗಿ ಅವಳು ಬೇರೆ ದಾರಿ ಹಿಡಿದಳು. ಸುಳ್ಳು ಹೇಳಿದ ಅದೇ ಬಾಯಿಂದ ಇಷ್ಟ ಎಂದು ಹೇಳಿಸಬೇಕು. ಹೇಳಿದ ಕೂಡಲೇ ಎಲ್ಲರೆದುರು ನಕ್ಕು, ಬೆನ್ನು ತಿರುಗಿಸಿ ಹೋಗಬೇಕು.

ಬೆಳಗಿನ ಹೊತ್ತು ಕಾಲುವೆಯ ದಂಡೆಯ ಮೇಲೆ ಅವನ ಜೊತೆ ಯಾರು ಬೇಕಾದರೂ ಓಡಬಹುದಿತ್ತು. ಮೊದಲ ದಿನ ಅವಳನ್ನು ಕಂಡು ಅವನ ಹೆಜ್ಜೆ ತಪ್ಪಿತು. ಅವಳು ನಕ್ಕಳು. ಅವನು ತನ್ನ ಕಿವಿ ಮುಟ್ಟಿಕೊಂಡು, ಇಲ್ಲಿ ಅದು ಬ್ಯಾಡ್ರಿ ಎಂದ. ಅವಳು ಇಯರ್‌ಫೋನನ್ನು ನಿಧಾನವಾಗಿ, ಒಂದಾದ ಮೇಲೊಂದು, ಓಲೆ ಬಿಚ್ಚುವವಳ ಹಾಗೆ ತೆಗೆದಳು. ಕಣ್ಣು ಮಾತ್ರ ಅವನ ಮೇಲಿಂದ ತೆಗೆಯಲಿಲ್ಲ.

"ಹಾಡಿಲ್ಲಂದ್ರ ನನಗ ಕಾಲ ಏಳಂಗಿಲ್ರಿ. ನೀವ ಹಾಡ್ತೀರೇನು?"

ಅವನ ಕಿವಿ ಕೆಂಪಾಯಿತು. ಸೇಡು ಸುಲಭವಾಗಿಯೇ ಸಾಗುವಂತಿದೆ ಎಂದುಕೊಂಡಳು.

ದಿನವೂ ಅದೇ ಜಗಳ. ತಾಳ ಇದ್ದರೆ ಹೆಜ್ಜೆ ಸಮ ಬೀಳುತ್ತದೆ ಎಂದು ಅವಳು. ಫೋನು ಸತ್ತ ದಿನ ಕಾಲೂ ಸಾಯುತ್ತದಲ್ಲ ಎಂದು ಅವನು. ತುಂಬಿದ ಕಾಲುವೆ ಸುಮ್ಮನೆ ಹೋಗುತ್ತದೆ, ನೀರು ಇಳಿದಾಗಲೇ ಕಲ್ಲಿನ ಜೊತೆ ಮಾತಿಗಿಳಿಯುವುದು, ಕಿವಿ ತೆರೆದಿದ್ದರೆ ನೋಡದೆಯೂ ಎಲ್ಲ ಗೊತ್ತಾಗುತ್ತದೆ ಎನ್ನುತ್ತಿದ್ದ. ನಿನಗೆ ನನ್ನ ವಿಷಯ ಏನೂ ಗೊತ್ತಾಗದಿರಲಿ ಎಂದು ಅವಳು ಒಳಗೇ ಹಲ್ಲು ಕಡಿದಳು, ಹೊರಗೆ ನಕ್ಕಳು.

ಆದರೆ ತೆರೆದ ಕಿವಿ ಸುಮ್ಮನಿರುವುದಿಲ್ಲ. ಬಾಳೆತೋಟದ ಎಲೆಗಳ ಪಟಪಟ, ದೂರದ ಪಂಪ್‌ಸೆಟ್ಟು, ತನ್ನದೇ ಏದುಸಿರು. ಎಲ್ಲಕ್ಕಿಂತ ಹತ್ತಿರ, ಎಡಗಡೆ, ಅವನ ಹೆಜ್ಜೆ. ಅವಳು ನಿಧಾನವಾದರೆ ಅದೂ ನಿಧಾನ. ಹಾಡಿದ್ದರೆ ಅದೊಂದೂ ಕೇಳುತ್ತಿರಲಿಲ್ಲ. ಒಂದು ದಿನ ರೊಟ್ಟಿ ತಟ್ಟುವಾಗ ಕೈ ಅದೇ ಗತಿಯಲ್ಲಿ ಬೀಳುತ್ತಿದೆ ಎಂದು ತಿಳಿದು ಅವಳಿಗೆ ಮೈಯೆಲ್ಲ ಉರಿಯಿತು. ಇನ್ನು ತಡ ಮಾಡಬಾರದು.

ಈ ವರ್ಷದ ಓಟಕ್ಕೆ ಎರಡು ವಾರ ಇತ್ತು. ಭಾನುವಾರ ಬಳಗದ ಹತ್ತು ಹನ್ನೆರಡು ಜನ ಹಿಂದೆ ಓಡಿಬರುತ್ತಿದ್ದರು, ತೂಬು ಮುಟ್ಟಲು ಅವರಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವನನ್ನು ಬೇಕೆಂದೇ ವೇಗವಾಗಿ ಎಳೆದುಕೊಂಡು ಬಂದಿದ್ದ ಶೈಲಶ್ರೀ, ತೂಬಿನ ಕಟ್ಟೆಗೆ ಒರಗಿ, ಬೆವರು ಒರೆಸಿಕೊಳ್ಳುತ್ತ, ಆದಷ್ಟು ಮೆಲ್ಲಗೆ ಕೇಳಿದಳು.

"ನನಗೇನರ ಹೇಳೋದೈತೇನ್ರಿ?"

"ಐತ್ರಿ," ಎಂದ. ಎಂದವನು ತೂಬಿನ ಪಕ್ಕದ ಕೋಣೆಗೆ ಹೋಗಿ ಒಂದು ಲಕೋಟೆ ತಂದು ಅವಳ ಕೈಗಿಟ್ಟ.

ಪ್ರೇಮಪತ್ರ ಎಂದುಕೊಂಡೇ ತೆಗೆದಳು. ಮೇಲೆ ಭರಮಣ್ಣ ಮೇಷ್ಟ್ರ ವಿಳಾಸ. ಒಳಗೆ ಹೋದ ವರ್ಷದ ತಾರೀಕು, ಓಟ ಮುಗಿದ ಮೂರನೆಯ ದಿನದ್ದು. ಶೈಲಶ್ರೀ ಅವರಿಗೆ ನಾನು ನಿಯಮ ಹೇಳಿರಲಿಲ್ಲ, ಗಡಿಬಿಡಿಯಲ್ಲಿ ಮರೆತೆ, ಎಲ್ಲರೆದುರು ಸುಳ್ಳು ಹೇಳಿದೆ, ಅವರ ಶಿಕ್ಷೆ ನನಗೆ ಕೊಡಿ ಎಂದಿತ್ತು.

"ಒಂದ್ ವರ್ಷ ಇದನ್ನ ಇಟ್ಕೊಂಡು ಕುಂತಿದ್ದೇನು ನೀ?"

ದಿನಾ ಪೋಸ್ಟ್ ಡಬ್ಬಿಯ ತನಕ ಹೋಗಿ ಬಂದೆ ಎಂದ. ಓಟ ಬಿಟ್ಟರೆ ತನ್ನನ್ನು ಗುರುತಿಸುವವರೇ ಇಲ್ಲ, ಅದು ಹೋದರೆ ಬರೀ ತೂಬು ತಿರುಗಿಸುವವನಾಗಿ ಉಳಿಯುತ್ತೇನೆಂದು ಹೆದರಿದೆ ಎಂದ. ಅವಳು ಪತ್ರದ ಮೇಲೆ ಬೆರಳಿಟ್ಟಳು.

"ಗಡಿಬಿಡಿ ಎಲ್ಲಿತ್ತು? ಅವತ್ತು ನನ್ನ ಹಿಂದ ಒಬ್ರೂ ಇರಲಿಲ್ಲ."

ಅವನು ನೀರು ನೋಡಿದ. ಆಮೇಲೆ ಅವಳನ್ನೇ ನೋಡಿದ.

"ಮುಖ ನೋಡಿ ಹೇಳ್ರಿ ಅಂದಿದ್ರು ಮೇಷ್ಟ್ರು. ನೋಡಿದೆ. ಆಮ್ಯಾಲ ಒಂದೂ ನೆನಪಿಗೆ ಬರಲಿಲ್ರಿ."

ಇಷ್ಟು ತಿಂಗಳು ಕಾದ ಮಾತು ಬಂದಿತ್ತು. ದಂಡೆಯ ತಿರುವಿನಲ್ಲಿ ಬಳಗದವರ ದನಿಯೂ ಕೇಳುತ್ತಿತ್ತು. ನಕ್ಕು ತಿರುಗಿ ಹೋಗುವ ಹೊತ್ತು ಇದೇ. ಶೈಲಶ್ರೀ ನಗಲು ನೋಡಿದಳು, ನಗು ಬರಲಿಲ್ಲ. ಹಾಗೆಂದು ಸಿಟ್ಟೇನೂ ಇಳಿಯಲಿಲ್ಲ.

"ಅದನ್ನ ಬರಿ," ಎಂದಳು. "ಗಡಿಬಿಡಿ ಅನ್ನೋದು ಎರಡನೇ ಸುಳ್ಳು. ಈಗ ಅಂದಿಯಲ್ಲ, ಹಂಗ ಬರಿ. ಮೇಷ್ಟ್ರು ಮೀಟಿಂಗ್‌ನಾಗ ಓದ್ತಾರ."

"ಎಲ್ಲಾರೂ ನಗ್ತಾರ್ರಿ."

"ನನ್ನ ನೋಡಿ ವರ್ಷಪೂರ್ತಿ ನಕ್ಕಾರ. ನಿನ್ನ ನೋಡೂ ನಗಲಿ."

ಬಳಗದವರು ಬಂದರು, ಇಬ್ಬರ ಮುಖ ನೋಡಿ ನೀರೂ ಕುಡಿಯದೆ ಮುಂದೆ ಹೋದರು. ಅವನು ಮೆಟ್ಟಿಲ ಮೇಲೆ ಕೂತು ಹೊಸ ಹಾಳೆಯಲ್ಲಿ ಬರೆದ. ಅವಳು ಅವನ ಬೆನ್ನ ಹಿಂದೆಯೇ ನಿಂತು ಪ್ರತಿ ಸಾಲೂ ಓದಿದಳು. ಅವರ ಮುಖ ನೋಡಿ ನನ್ನ ಮಾತು ನಿಂತಿತು ಎಂದು ಬರೆದಾಗ, ನಂಬಿಕೆ ಬರಲಿ, ಬೆಳಿಗ್ಗೆ ಐದೂವರೆಗೆ ಅಂತಲೂ ಹಾಕು ಎಂದಳು. ಹಾಕಿದ.

ಬರೆದು ಮುಗಿದ ಮೇಲೆ, ಇನ್ನೊಂದು ಪೆಟ್ಟು ಬೀಳಲಿ ಎಂದು, ತಾನು ಇಷ್ಟು ದಿನ ಬಂದದ್ದು ಅವನ ಮನಸ್ಸು ಮುರಿಯಲಿಕ್ಕೆ ಎಂಬುದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಗೊತ್ತಿತ್ರಿ. ಮೊದಲನೇ ದಿನ ನೀವು ನಕ್ಕಿದ್ದು ಕಚ್ಚಂಗಿತ್ತು."

"ಗೊತ್ತಿದ್ದೂ ಯಾಕ ಓಡಿದಿ ನನ್ನ ಜೋಡಿ?"

"ಸೇಡಿಗಾದ್ರೂ ದಿನಾ ಬರ್ತಿದ್ರಿ."

ಆ ಮಾತು ಅವಳನ್ನು ಎಲ್ಲಕ್ಕಿಂತ ಹೆಚ್ಚು ಕೆಣಕಿತು. ನಾಳೆ ಹತ್ತಕ್ಕೆ ಪೋಸ್ಟ್ ಆಫೀಸಿಗೆ ಬಾ, ಡಬ್ಬಿಗಲ್ಲ, ಕಿಟಕಿಯಲ್ಲಿ ಕೊಡಬೇಕು ಎಂದು ಹೇಳಿ, ಒಬ್ಬಳೇ ಓಡಿದಳು. ಹಿಂದೆ ಹೆಜ್ಜೆ ಕೇಳುತ್ತದೇನೋ ಎಂದು ದಾರಿಯುದ್ದಕ್ಕೂ ಕಿವಿ ಹಿಂದೆಯೇ ಇತ್ತು.

ಸೋಮವಾರ ಕಮಲಾಪುರದ ಪೋಸ್ಟ್ ಆಫೀಸಿನಲ್ಲಿ ಸಾಲು ಉದ್ದವಿತ್ತು. ಅವನು ಒಗೆದ ಅಂಗಿ ಹಾಕಿಕೊಂಡು, ಮದುವೆಗೋ ಪೊಲೀಸ್ ಸ್ಟೇಷನ್ನಿಗೋ ಬಂದವನ ಹಾಗೆ ನಿಂತಿದ್ದ. ಅವಳು ಪಕ್ಕದಲ್ಲೇ, ಕೈ ಕಟ್ಟಿಕೊಂಡು ನಿಂತಳು. ಕಿಟಕಿಯ ಹಿಂದಿದ್ದ ಪಾಲಯ್ಯ ವಿಳಾಸ ನೋಡಿ, ಮೇಷ್ಟ್ರಿಗೆ ಏನು ಕಳಿಸ್ತೀಯಪ್ಪ ಎಂದು ವಿಚಾರಿಸಿದ.

"ತಪ್ಪು ಒಪ್ಪಿಕೊಂಡದ್ದು," ಎಂದಳು ಶೈಲಶ್ರೀ, ಸಾಲಿಗೆಲ್ಲ ಕೇಳುವಂತೆ.

ಪಾಲಯ್ಯ ಕೈ ಚಾಚಿದ. ಕಿರಣ್ ಕುಮಾರ್ ಲಕೋಟೆ ಬಿಡಲಿಲ್ಲ. ಎರಡು ವಾರದಲ್ಲಿದ್ದ ಓಟ, ಅದರ ಆಚೆಗೂ ಬೀಳಬಹುದಾದ ಎರಡು ವರ್ಷದ ಶಿಕ್ಷೆ, ಎಲ್ಲ ಆ ಬೆರಳ ತುದಿಯಲ್ಲಿತ್ತು. ತಾನು ತಳ್ಳಿದರೆ ಅದು ಒಳಗೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಅವಳು ಬೆರಳೂ ತಾಗಿಸಲಿಲ್ಲ.

"ಇದಾದ ಮ್ಯಾಲ ನಕ್ಕು ಹೋಗ್ತೀರೇನು?" ಎಂದ ಅವನು, ಅವಳಿಗಷ್ಟೇ ಕೇಳುವಂತೆ.

"ಮೊದಲು ಕೊಡು."

ಅವನು ಕೊಟ್ಟ. ಪಾಲಯ್ಯ ತೂಕ ಮಾಡಿ, ಚೀಟಿ ಅಂಟಿಸಿ, ಧಪ್ಪೆಂದು ಮುದ್ರೆ ಒತ್ತಿ, ಹೊಸಪೇಟೆಯ ಚೀಲಕ್ಕೆ ಲಕೋಟೆ ಎಸೆದ. ಅದು ಚೀಲದೊಳಗೆ ಪೂರ್ತಿ ಇಳಿಯುವ ತನಕ ಶೈಲಶ್ರೀ ಕಣ್ಣು ಕೀಳಲಿಲ್ಲ. ಇಳಿದ ಮೇಲೆ, ಅಷ್ಟೂ ಜನರ ಮುಂದೆ, ಬರಿದಾದ ಅವನ ಕೈ ಹಿಡಿದುಕೊಂಡಳು, ನೋಯುವಷ್ಟು ಬಿಗಿಯಾಗಿ.