ನಾಲ್ಕನೆಯ ಹುಣಸೆ ಬೀಜ

ಎಪ್ಪತ್ತೊಂಬತ್ತರ ಬೇಸಿಗೆ. ಹನುಮನಹಳ್ಳಿಯ ಬಂಡೆಗಳ ನಡುವಿನ ಪಾಳು ಮಂಟಪದಲ್ಲಿ ನಾನು, ಪಕೀರಪ್ಪ, ಅಬೇದಾಬಿ ಚೌಕಾಬಾರ ಆಡುತ್ತಲೇ ಒಂದು ರಾಜ್ಯ ಕಟ್ಟಿದ್ದೆವು. ಅವಳು ರಾಣಿ, ಅವನು ಸೇನಾಪತಿ, ನಾನು ಅಂಬಿಗ. ಆ ರಾಜ್ಯದ ಭಾಷೆಯನ್ನೂ ನಾವೇ ಹುಟ್ಟಿಸಿದ್ದೆವು. ಹೊಸ ಪದ ಒಪ್ಪಿಗೆಯಾದರೆ ಪ್ರತಿಯೊಬ್ಬರೂ ಪಟದ ನಡುವೆ ಒಂದು ಹುಣಸೆ ಬೀಜ ಇಡಬೇಕು. ಎಂಥ ಭಾಷೆ ಅದು! ಊರಲ್ಲಿ ಯಾರಿಗೂ ಇಲ್ಲದ ಆಸ್ತಿ.

ಆ ಮಧ್ಯಾಹ್ನ ನನ್ನ ಕಾಯಿ ರಾಣಿಯ ಕಾಯಿಯನ್ನು ಕಡಿಯಿತು. ರಾಣಿ ಸತ್ತಳು. ಸಾವಿಗೆ ನಮ್ಮಲ್ಲಿ ಪದವೇ ಇರಲಿಲ್ಲ.

"ಸಾಯೂದಕ್ಕ ಏನನ್ನೂಣು?" ಅಬೇದಾಬಿ ಕೇಳಿದಳು.

"ಸೋರಾಮಿ."

"ಭಾಳ ಛಲೋ ಐತಿ," ಎಂದು ಪಕೀರಪ್ಪ ನನ್ನ ಬೆನ್ನು ತಟ್ಟಿದ. ಹೇಳಿದ್ದು ನಾನಲ್ಲ. ಮಾತು ಮಂಟಪದ ಒಳಮೂಲೆಯಿಂದ ಬಂದಿತ್ತು; ಅಲ್ಲಿ ಯಾರೂ ಇರಲಿಲ್ಲ.

ಮೂವರೂ ಬೀಜ ಇಟ್ಟೆವು. ಪಟದ ಮೇಲೆ ನಾಲ್ಕಿದ್ದವು. ಬಂಡೆ ಸುಡುವ ಆ ಬಿಸಿಲಲ್ಲಿ ನಾಲ್ಕನೆಯದು ಒದ್ದೆಯಾಗಿತ್ತು, ಮಂಜಿನಷ್ಟು ತಣ್ಣಗಿತ್ತು. ಎಸೆಯಲು ಹೋದೆ.

"ಬ್ಯಾಡೋ," ಅಬೇದಾಬಿ ಕೈ ಹಿಡಿದಳು. "ಅವರೂ ಒಪ್ಪಿಗಿ ಕೊಟ್ಟಾರ."

ನಮ್ಮ ಭಾಷೆಯಲ್ಲಿ ಸೋರಾಮಿಯಷ್ಟು ಚಂದದ ಪದ ಇನ್ನೊಂದಿಲ್ಲ. ಆ ಭಾಷೆ ಕಟ್ಟಿದವರು ಎಷ್ಟು ಮಂದಿ ಎಂದು ಕೇಳಿದರೆ, ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ: ನಾಲ್ವರು.