ನೀರಿಗಿಳಿದ ಆಫೀಸಮ್ಮ

"ಸ್ವಲ್ಪ ಸುಮ್ಮನಿರಿ ಮೇಡಂ. ಈಗ ಮಾತಾಡಿದ್ರೆ ಇವರು ಮುಳುಗ್ತಾರೆ."

ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಈಜು ಮೇಷ್ಟ್ರು ತಿರುಗಿಯೂ ನೋಡದೆ ಹೇಳಿದ. ಅವನ ಅಂಗೈ ಮೇಲೆ ವಯಸ್ಸಾದ ಹೆಂಗಸೊಬ್ಬರ ತಲೆ ಇತ್ತು. ಅವರು ಕಣ್ಣು ಬಿಗಿಯಾಗಿ ಮುಚ್ಚಿ, ನೀರಿನ ಮೇಲೆ ಹಲಗೆಯಂತೆ ಸೆಟೆದು ಮಲಗಿದ್ದರು.

ಕೊಳದ ಅಂಚಿನಲ್ಲಿ ನೋಟಿಸು ಹಿಡಿದು ನಿಂತಿದ್ದವಳಿಗೆ ಮೈ ಉರಿಯಿತು. ಹನ್ನೆರಡು ವರ್ಷ ನಗರಸಭೆಯ ದೂರು ವಿಭಾಗದಲ್ಲಿ ಕೂತವಳು ಅವಳು. ಅವಳು ಕಡತ ತೆರೆದರೆ ಎದುರಿನವರ ಬಾಯಿ ತಾನಾಗಿ ಮುಚ್ಚುತ್ತಿತ್ತು. ಇವನು ನೋಡಿದರೆ...

ಎಷ್ಟು ಕೊಬ್ಬು ಇವನಿಗೆ!

ಆದರೂ ನಿಂತಳು. ಹತ್ತು ನಿಮಿಷ... ಇಪ್ಪತ್ತು ನಿಮಿಷ... ಕ್ಲೋರಿನ್ ವಾಸನೆಗೆ ಮೂಗು ಚುರುಗುಟ್ಟಿತು, ಹೊಸ ಚಪ್ಪಲಿ ನೆನೆಯಿತು. ಅಷ್ಟರಲ್ಲಿ ಮೇಷ್ಟ್ರು ಮೆಲ್ಲಗೆ ಅಂಗೈ ತೆಗೆದುಬಿಟ್ಟ. ಅಜ್ಜಿ ತೇಲುತ್ತಲೇ ಇದ್ದರು. ಬಿಗಿದ ಹಣೆ ಸಡಿಲವಾಯಿತು. ಎಪ್ಪತ್ತು ವರ್ಷದ ಆ ಮುಖ ನಿದ್ದೆಯಲ್ಲಿ ನಗುವ ಮಗುವಿನದಾಯಿತು.

ಅವಳು ಕೈಯಲ್ಲಿದ್ದ ನೋಟಿಸನ್ನೂ ಮರೆತು ನೋಡಿದಳು.

"ಈಗ ಹೇಳಿ," ಎನ್ನುತ್ತ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದ.

"ನಿಮ್ಮ ಮೇಲೆ ದೂರು ಬಂದಿದೆ. ಬೆಳಗ್ಗೆ ಏಳರಿಂದ ಎಂಟರವರೆಗೆ ಕೊಳಾನ ವಯಸ್ಸಾದ ಹೆಂಗಸರಿಗೇ ಬಿಟ್ಟುಕೊಟ್ಟು, ಬೇರೆಯವರಿಗೆ ಜಾಗ ಇಲ್ಲದ ಹಾಗೆ ಮಾಡಿದೀರಂತೆ."

"ಹೌದು, ಮಾಡಿದೀನಿ. ಎಲ್ಲಿ ಸಹಿ ಹಾಕ್ಬೇಕು?"

ಒಂದು ಸಬೂಬಿಲ್ಲ, ಗೋಗರೆತವಿಲ್ಲ. ಒದ್ದೆ ಬೆರಳು ತಾಗಿ ಅವನ ಸಹಿಯ ಶಾಯಿ ಕಾಗದದ ಮೇಲೆಲ್ಲ ಹರಡಿತು.

ಮರುದಿನ ಅವಳು ವರದಿ ಬರೆದಳು. ಬೇರೆಯವರಿಗೆ ದಿನದ ಉಳಿದ ಹೊತ್ತೆಲ್ಲ ಇದೆ, ಈ ಹದಿಮೂರು ಹೆಂಗಸರಿಗೆ ಇರುವುದು ಇದೊಂದೇ ಗಂಟೆ, ತರಗತಿ ಮುಂದುವರಿಯಬಹುದು. ಮೇಲಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ, ನಿನಗೂ ಮಂಡಿನೋವು ಶುರುವಾಯ್ತಾ?" ಎಂದು ನಕ್ಕು ಒಪ್ಪಿಗೆ ಕೊಟ್ಟರು.

ಆದೇಶ ತಲುಪಿಸಲು ಹೋದಾಗ ಆ ಅಜ್ಜಿಯೇ ಅವಳ ಕೈ ಹಿಡಿದುಕೊಂಡರು. ಅವರು ನಿವೃತ್ತ ಶಿಕ್ಷಕಿ. ಎಲ್ಲರೂ ಟೀಚರಮ್ಮ ಅನ್ನುತ್ತಿದ್ದರು.

"ಆಫೀಸಮ್ಮ, ವರದಿ ಬರೆದೋಳು ಒಂದು ಸಲ ನೀರಿಗಿಳಿದು ನೋಡ್ಬೇಡ್ವಾ?"

"ನನಗೆ ನೀರು ಅಂದ್ರೆ ಭಯ."

"ಮತ್ತೆ ನಮಗೇನು, ತವರುಮನೇನಾ? ಇಳಿ."

ಹಾಗೆ ಮೂವತ್ತೈದನೇ ವಯಸ್ಸಿನಲ್ಲಿ ಆಫೀಸಮ್ಮ ನೀರಿಗಿಳಿದಳು.

ಮೊದಲ ವಾರ ಕೊಳದ ಅಂಚಿನ ಕಂಬಿ ಬಿಡಲಿಲ್ಲ. ಎರಡನೇ ವಾರ ಕಂಬಿ ಬಿಟ್ಟು ಮೇಷ್ಟ್ರ ಮುಂಗೈ ಹಿಡಿದಳು. ಅದನ್ನು ಬಿಡುವುದಕ್ಕೆ ಮತ್ತೆರಡು ವಾರ ಬೇಕಾಯಿತು. ನಿಜ ಹೇಳಬೇಕೆಂದರೆ, ಅಷ್ಟೊತ್ತಿಗೆ ಭಯ ಹೋಗಿಯಾಗಿತ್ತು.

ಅವನದು ಕಡಿಮೆ ಮಾತು. ಮೊದಲು ವಿಮಾ ಕಂಪನಿಯಲ್ಲಿದ್ದನಂತೆ. ಪಾರ್ಶ್ವವಾಯು ಬಡಿದಿದ್ದ ಅವನ ತಂದೆ ಮತ್ತೆ ನಡೆಯಲು ಕಲಿತದ್ದು ನೀರಿನಲ್ಲಿ. ಆಮೇಲೆ ಮಗನಿಗೆ ಆಫೀಸಿನ ಕುರ್ಚಿಯಲ್ಲಿ ಕೂರಲಾಗಲಿಲ್ಲವಂತೆ. ಇಷ್ಟು ತಿಳಿಯಲು ಅವಳಿಗೆ ಎರಡು ತಿಂಗಳು ಹಿಡಿಯಿತು.

ಒಂದು ದಿನ ಹೊಸಬರೊಬ್ಬರು ಬಂದರು. ಬಿದ್ದು ಸೊಂಟ ಮುರಿದುಕೊಂಡು, ಶಸ್ತ್ರಚಿಕಿತ್ಸೆಯಾಗಿ, ಈಗ ಒಂದು ಹೆಜ್ಜೆಗೂ ಹೆದರುವವರು. ಮೊದಲ ಎಂಟು ದಿನವೂ ಕೊನೆಯ ಮೆಟ್ಟಿಲಲ್ಲೇ ನಿಂತು ಅತ್ತರು. ಮೇಷ್ಟ್ರು ಎಷ್ಟು ಹೇಳಿದರೂ ಇಲ್ಲ. ಒಂಬತ್ತನೇ ದಿನ ಅವಳು ಹೋಗಿ ಅವರ ಪಕ್ಕದಲ್ಲಿ, ಅದೇ ಮೆಟ್ಟಿಲಲ್ಲಿ ನಿಂತಳು.

"ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಗುತ್ತೆ, ಅಲ್ವಾ?"

ಅವರು ಅಳು ನಿಲ್ಲಿಸಿದರು. "ಹೌದು. ನಿಮಗೆ ಹೇಗೆ ಗೊತ್ತು?"

"ನನಗೂ ಆಗ್ತಿತ್ತು. ಇಬ್ಬರೂ ಒಟ್ಟಿಗೆ ಇಳಿಯೋಣ. ಬೇಡ ಅನ್ನಿಸಿದ್ರೆ ಒಟ್ಟಿಗೇ ಹತ್ತೋಣ."

ಅವರು ಇಳಿದರು. ನಾಲ್ಕು ಹೆಜ್ಜೆ ನಡೆದರು. ಐದನೆಯದಕ್ಕೆ ಅವಳ ಭುಜದ ಮೇಲೆ ತಲೆ ಇಟ್ಟು, ಈ ಸಲ ಬೇರೆಯೇ ರೀತಿಯಲ್ಲಿ ಅತ್ತರು.

"ನಾನು ಎಂಟು ದಿನದಿಂದ ಒದ್ದಾಡ್ತಿದ್ದೆ," ಎಂದ ಮೇಷ್ಟ್ರು ಆಮೇಲೆ. "ಅದೇನು ಮಾಡಿದ್ರಿ?"

"ನೀವು ಯಾವತ್ತೂ ನೀರಿಗೆ ಹೆದರಿಲ್ಲ. ಅದಕ್ಕೇ ನಿಮಗೆ ಗೊತ್ತಾಗಲ್ಲ."

ಅವನು ಅವಳನ್ನೇ ನೋಡುತ್ತ ನಿಂತ. ಆ ನೋಟ ಅವಳ ಜೊತೆ ಬಸ್ಸು ಹತ್ತಿ, ಆಫೀಸಿನವರೆಗೂ ಬಂತು.

ಅಂದಿನಿಂದ ಕಡತಗಳು ರುಚಿಸಲಿಲ್ಲ. ಹನ್ನೆರಡು ವರ್ಷದಲ್ಲಿ ಸಾವಿರಾರು ದೂರುಗಳಿಗೆ ಉತ್ತರ ಬರೆದಿದ್ದಳು. ಆದರೆ ಒಬ್ಬರಾದರೂ ಅವಳ ಭುಜದ ಮೇಲೆ ತಲೆ ಇಟ್ಟಿದ್ದರೇ?

ಒಂದು ತಿಂಗಳು ಯೋಚಿಸಿದಳು. ಕೊನೆಗೊಂದು ಬೆಳಗ್ಗೆ ತಡೆಯಲಾರದೆ ಹೇಳಿಯೇಬಿಟ್ಟಳು. "ಕೆಲಸ ಬಿಡ್ತೀನಿ. ತರಬೇತಿ ತಗೊಂಡು ಇದನ್ನೇ ಮಾಡ್ತೀನಿ... ನಿಮ್ಮ ಜೊತೆ."

ಅವನ ಮುಖ ಬಿಳಿಚಿಕೊಂಡಿತು.

"ಬೇಡ."

"ಯಾಕೆ?"

"ನಿಮ್ಮ ಕೆಲಸ ನಿಮಗೆ ಚೆನ್ನಾಗಿದೆ. ಇಲ್ಲಿ ನಿಮಗೆ ಜಾಗ ಇಲ್ಲ."

ಅಷ್ಟು ಹೇಳಿ, ನೀರಿನ ಮೇಲೆ ತೇಲುತ್ತಿದ್ದ ಈಜು ಹಲಗೆಗಳನ್ನು ಎತ್ತಿಡಲು ಹೊರಟುಹೋದ.

ಅವಳು ಹತ್ತು ದಿನ ಕೊಳದ ಕಡೆ ತಲೆ ಹಾಕಲಿಲ್ಲ. ನಾನೆಂಥ ಪೆದ್ದಿ... ಮುಂಗೈ ಕೊಟ್ಟಿದ್ದು ಮೇಷ್ಟ್ರು, ಎಲ್ಲರಿಗೂ ಕೊಡುತ್ತಾನೆ. ನಾನು ಏನೇನೋ ಅಂದುಕೊಂಡೆ.

ಹನ್ನೊಂದನೇ ದಿನ ದೂರು ವಿಭಾಗದ ಸಾಲಿನಲ್ಲಿ ಟೀಚರಮ್ಮ ನಿಂತಿದ್ದರು. ಸರದಿ ಬಂದಾಗ ಕಿಟಕಿಗೆ ಮುಖ ಒಡ್ಡಿದರು.

"ದೂರು ಕೊಡೋಕೆ ಬಂದಿದೀನಿ. ನಮ್ಮ ಮೇಷ್ಟ್ರು ಸರಿಯಾಗಿ ಊಟ ಮಾಡ್ತಿಲ್ಲ."

"ಅದಕ್ಕೆ ನಾನೇನು ಮಾಡ್ಲಿ?"

"ಕೇಳಿಸ್ಕೋ. ಅವನಿಗೆ ಒಂದು ಹುಡುಗಿ ಜೊತೆ ಮದುವೆ ಗೊತ್ತಾಗಿತ್ತು. ಅವನು ಕೆಲಸ ಬಿಟ್ಟಾಗ ಅವಳೂ ತನ್ನ ಕೆಲಸ ಬಿಟ್ಟಳು, ಅವನ ಮೇಲಿನ ಪ್ರೀತಿಗೆ. ಅವಳಿಗೆ ನೀರೂ ಬೇಕಿರಲಿಲ್ಲ, ಮುದುಕಿಯರೂ ಬೇಕಿರಲಿಲ್ಲ. ವರ್ಷಕ್ಕೆ, ನಿನ್ನಿಂದ ನನ್ನ ಬದುಕು ಹಾಳಾಯ್ತು ಅಂದು ಹೋದಳು. ಇನ್ನೊಬ್ಬಳ ಬಾಯಲ್ಲಿ ಆ ಮಾತು ಕೇಳೋ ಶಕ್ತಿ ಅವನಿಗಿಲ್ಲ, ಆಫೀಸಮ್ಮ."

ಅವಳ ಸಿಟ್ಟು ಕರಗಿತು. ಆದರೆ ಅದರ ಜಾಗದಲ್ಲಿ ಒಂದು ಪ್ರಶ್ನೆ ಬಂದು ಕೂತಿತು. ಅವನು ನಾಳೆಯೇ ಈ ಊರು ಬಿಟ್ಟು ಹೋದರೆ, ಆಗಲೂ ನನಗೆ ಈ ಕೆಲಸ ಬೇಕೇ?

ಭಾನುವಾರವಿಡೀ ಅದನ್ನೇ ಕೇಳಿಕೊಂಡಳು. ಅವನ ಮುಖವನ್ನು ಮನಸ್ಸಿನಿಂದ ಬಲವಂತವಾಗಿ ತೆಗೆದಳು. ಎದೆ ನೊಂದಿತು. ಆದರೂ ಮೆಟ್ಟಿಲಲ್ಲಿ ನಿಂತು ಅತ್ತ ಆ ಹೆಂಗಸು ಮನಸ್ಸಿನಲ್ಲಿ ಹಾಗೇ ಉಳಿದರು.

ಸೋಮವಾರ ರಾಜೀನಾಮೆ ಕೊಟ್ಟಳು.

"ತಿಂಗಳಾದ್ರೆ ಸಂಬಳ ಬರೋ ಕೆಲಸ ಬಿಟ್ಟು ನೀರಲ್ಲಿ ನಿಲ್ತೀಯಾ?" ಅಮ್ಮ ಹಣೆ ಚಚ್ಚಿಕೊಂಡರು. "ಜನ ಕೇಳಿದ್ರೆ ಏನಂತ ಹೇಳ್ಲಿ?"

"ನಡೆಯೋಕಾಗದವರನ್ನ ನಡೆಸ್ತಾಳೆ ಅನ್ನಮ್ಮ."

ಅಮ್ಮ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಅವಳ ಪೆಟ್ಟಿಗೆಯಲ್ಲಿ ನಾಲ್ಕು ಟವೆಲು ಮಡಿಸಿಟ್ಟು, "ಒದ್ದೆ ತಲೇಲಿ ಮಲಗಬೇಡ," ಎಂದಷ್ಟೇ ಹೇಳಿದರು.

ಮೇಷ್ಟ್ರಿಗೆ ತಿಳಿಸದೆ ಅವಳು ದೂರದ ಊರಿಗೆ ಹೋದಳು. ಅಲ್ಲಿ ಆಸ್ಪತ್ರೆಯೊಂದರಲ್ಲಿ ಏಳು ತಿಂಗಳ ತರಬೇತಿ. ಬೆರಳ ತುದಿಗಳು ಸುಕ್ಕುಗಟ್ಟಿದವು, ಕೂದಲು ಉದುರಿತು, ಎರಡು ಸಲ ಜ್ವರ ಬಂತು. ಒಂದು ದಿನವೂ ಹಳೆಯ ಮೇಜು ನೆನಪಾಗಲಿಲ್ಲ. ನೆನಪಾಗಬಾರದವನು ಮಾತ್ರ ದಿನವೂ ನೆನಪಾದ.

ಮುಗಿದಾಗ ಆಸ್ಪತ್ರೆಯವರು ಉಳಿದುಕೊಳ್ಳಿ ಅಂದರು. ಅವಳು ಒಪ್ಪದೆ ಊರಿಗೆ ಬಂದು, ಶಾಲೆಯೊಂದರ ಪುಟ್ಟ ಕೊಳದಲ್ಲಿ ಮಧ್ಯಾಹ್ನದ ತರಗತಿ ಶುರುಮಾಡಿದಳು. ಸೇರಿದವರು ಆರು ಜನ. ಅವರಲ್ಲೊಬ್ಬರು, ಮಂಡಿನೋವನ್ನು ಮಗಳಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದ ಅಮ್ಮ.

ಮೂರನೇ ವಾರ, ಗೋಡೆಗೊರಗಿಸಿದ ಬೆಂಚಿನ ಮೇಲೆ ಅವನು ಬಂದು ಕೂತ. ಅವಳ ಉಸಿರು ತಪ್ಪಿತು. ಆದರೆ ಕೈಯಲ್ಲಿ ಅಮ್ಮನ ತೂಕವಿತ್ತು. ತರಗತಿ ಮುಗಿಸಿ, ಎಲ್ಲರನ್ನೂ ಮೆಟ್ಟಿಲು ಹತ್ತಿಸಿ, ಆಮೇಲೆ ಬಂದಳು.

"ಚೆನ್ನಾಗಿ ಕಲಿಸ್ತೀರಿ," ಎಂದ. ಸೊರಗಿಹೋಗಿದ್ದ.

"ಇಷ್ಟು ಹೇಳೋಕೆ ಬಂದ್ರಾ?"

"ಅಲ್ಲ." ಅವನು ಅಂಗೈಗಳನ್ನು ನೋಡಿಕೊಂಡ. "ನೀವು ನನಗೋಸ್ಕರ ಎಲ್ಲಾ ಬಿಡ್ತಿದೀರಿ ಅಂದುಕೊಂಡು ಹೆದರಿದೆ. ಆಮೇಲೆ ನನ್ನನ್ನ ಕೇಳದೇ ಕೆಲಸ ಬಿಟ್ಟು ಹೋದ್ರಿ ಅಂತ ಟೀಚರಮ್ಮನಿಂದ ಗೊತ್ತಾಯ್ತು. ಸಮಾಧಾನ ಆಗ್ಬೇಕಿತ್ತು... ಆಗ್ಲಿಲ್ಲ. ಏಳು ತಿಂಗಳು ಬಾಗಿಲ ಕಡೆ ನೋಡ್ಕೊಂಡೇ ಪಾಠ ಮಾಡಿದೀನಿ. ಜಾಗ ಇಲ್ಲ ಅಂದಿದ್ದು ಸುಳ್ಳು. ನಿಮ್ಮನ್ನ ಬಿಟ್ಟು ಬೇರೆ ಯಾರಿಗೂ ಜಾಗ ಇರಲಿಲ್ಲ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಹೇಗೂ ಮುಖವೆಲ್ಲ ಒದ್ದೆಯಾಗಿಯೇ ಇತ್ತು.

"ಕೆಲಸ ಬಿಟ್ಟಿದ್ದು ನಿಮಗೋಸ್ಕರ ಅಲ್ಲ," ಎಂದಳು ನಿಧಾನವಾಗಿ. "ಅದು ನನ್ನದೇ. ನಾಳೆ ಏನಾದ್ರೂ ನಿಮ್ಮ ಮೇಲೆ ಹೊರಿಸಲ್ಲ. ಆದ್ರೆ ಅಲ್ಲಿ ಉಳೀದೆ ಈ ಊರಿಗೆ ವಾಪಸ್ ಬಂದಿದ್ದು ಮಾತ್ರ ನಿಮಗೋಸ್ಕರ."

ಅವನು ಒದ್ದೆಯಾಗಿ ಸುಕ್ಕುಗಟ್ಟಿದ್ದ ಅವಳ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಅರೆ ತೆರೆಯಿತು. "ಯಾರೇ ಅದು?" ಅಮ್ಮನ ದನಿ.

"ಹೇಳ್ತೀನಿ ಇರಮ್ಮ." ಅವಳು ಅವನ ಕಡೆ ತಿರುಗಿದಳು. "ಯಾರು ಅಂತ ಹೇಳ್ಲಿ?"

"ನೀವು ಹೇಗೆ ಹೇಳಿದ್ರೂ ಸರಿ."

"ಇನ್ನೂ 'ನೀವು' ಅಂತಲೇನಾ?"

ಅವನು ನಾಚಿ ನಕ್ಕ.

"ಬಾ... ನಾನೇ ಬಂದು ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ."

"ನಿಂತ್ಕೋತೀನಿ," ಎಂದಳು ಅವಳು.